ಕುಳ್ಳನ ಆರೈಕೆಯಲ್ಲಿ ಸುಬ್ಬನರಸಯ್ಯನವರು
ಜಯನಗರದ ಸುಬ್ಬನರಸಯ್ಯನವರು ಯಾರು ಏನು ಹೇಳಿದರೂ ನಂಬುವವರು, ನಂಬಿದ ಮೇಲೆ ಅನುಮಾನಪಡುವವರು. ಅವರ ಗಿಡ್ಡ ಕಾಲಿನ ನಾಯಿ ಕುಳ್ಳನಿಗೆ ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ಹಿಂಗಾಲುಗಳ ಸ್ವಾಧೀನ ತಪ್ಪಿದಾಗ, ಡಾಕ್ಟರು "ಆಪರೇಷನ್ ಬೇಡ, ಅಲ್ಲಾಡದ ಹಾಗೆ ಮಲಗಿಸಿ" ಎಂದರು. ಪಕ್ಕದ ಮನೆಯ ಗಂಗಾಧರಯ್ಯನವರು "ಮಲಗಿಸಿದ್ರೆ ಕಾಲು ಮರಗಟ್ಟುತ್ತೆ ಸ್ವಾಮಿ, ನಡೆಸಿ" ಎಂದರು. ಇಬ್ಬರಿಗೂ ತಲೆಯಾಡಿಸಿ ಬಂದ ಸುಬ್ಬನರಸಯ್ಯನವರು ಕುಳ್ಳನನ್ನು ಮಾವಿನಹಣ್ಣಿನ ಪೆಟ್ಟಿಗೆಯಲ್ಲಿ ಮಲಗಿಸಿ, ಅವನ ಬದಲು ತಾವೇ ಹಜಾರದಲ್ಲಿ ಶತಪಥ ಹಾಕಿದರು. ಬಿಸಿನೀರಿನ ಶಾಖ ಕೊಡುವಾಗ "ಸುಡ್ತಿದ್ಯೇನೋ? ತಣ್ಣಗಾಯ್ತೇನೋ?" ಎಂದು ಅವನನ್ನೇ ಕೇಳುವರು, ಹೊಟ್ಟೆಯಡಿ ಟವಲು ಕೊಟ್ಟು ಎತ್ತಿ ಹಿತ್ತಲಿಗೆ ಒಯ್ಯುವರು, ಸದ್ದಿಗೆ ಅವನು ಎದ್ದಾನೆಂದು, ಸೈಕಲ್ ಬೆಲ್ ಬಾರಿಸಬೇಡಪ್ಪಾ ಎಂದು ಪೋಸ್ಟ್‌ಮ್ಯಾನಿಗೆ ಗೇಟಿನಲ್ಲೇ ಕೈಮುಗಿಯುವರು. ಕುಳ್ಳ ನಿದ್ದೆ ಹೋದರೆ ಅವರಿಗೆ ಗಾಬರಿ, ಕಣ್ಣು ಬಿಟ್ಟರೂ ಗಾಬರಿ. ಒಂದು ಬೆಳಗ್ಗೆ ಹಾಲಿನ ಬಟ್ಟಲು ಇಟ್ಟಾಗ, ಎಷ್ಟೋ ದಿನದಿಂದ ಸತ್ತಂತೆ ಬಿದ್ದಿದ್ದ ಬಾಲದ ತುದಿ ಒಮ್ಮೆ ಅಲ್ಲಾಡಿತು. "ಕಾತ್ಯಾಯಿನಿ, ಬಾರೇ! ಬಾಲ ಆಡಿಸ್ಬಿಟ್ಟ! ಡಾಕ್ಟ್ರು ಅಲ್ಲಾಡ್ಬಾರ್ದು ಅಂದಿದ್ರಲ್ಲೇ, ಬಯ್ಲಾ, ಮುದ್ದು ಮಾಡ್ಲಾ?" ಎಂದು ಕೂಗಿದರು. ಅಡಿಗೆಮನೆಯಿಂದ ಓಡಿಬಂದ ಹೆಂಡತಿ ನಾಯಿಯ ಬಾಲ ನೋಡಿದರು, ಗಂಡನ ಮುಖ ನೋಡಿದರು. ಸೆರಗಿನ ತುದಿಯನ್ನು ಅವರತ್ತ ಚಾಚಿ, "ಮೊದ್ಲು ಕಣ್ಣೊರೆಸ್ಕೊಳ್ಳಿ" ಎಂದರು.