ರಾಜನ ಮುಂದೆ ಎತ್ತಿದ ಕೈ

ನೈರೋಬಿಯಲ್ಲಿ ನನಗೆ ಮನೆ ತೋರಿಸಿದವನು ಅಡುಗೆಮನೆಗಿಂತ ಮೊದಲು ಬೀಗಗಳನ್ನು ತೋರಿಸಿದ. ಕಾಂಪೌಂಡಿನ ಮೇಲೆ ಕರೆಂಟು ಹರಿಯುವ ತಂತಿ, ಆಳೆತ್ತರ ಮೀರಿದ ಕಬ್ಬಿಣದ ಗೇಟು, ಮನೆ ಬಾಗಿಲಿಗೊಂದು ಗ್ರಿಲ್ಲು, ಮಲಗುವ ಕೋಣೆಗಳ ಮುಂದೆ ಇನ್ನೊಂದು. "ಒಳಗಿಡೋದು ಯಾರನ್ನ, ಹುಲೀನಾ?" ಎಂದೆ. ಅವನು ನಗಲಿಲ್ಲ. ಮೈಸೂರಿನ ನಮ್ಮ ಮನೆಯ ಬಾಗಿಲಿಗೆ ಚಿಲಕವಿದೆಯೋ ಇಲ್ಲವೋ ಎಂಬುದು ಪಕ್ಕದ ಮನೆಯ ಬೆಕ್ಕಿಗಷ್ಟೇ ಗೊತ್ತು.

ನಾನು ಬಂದದ್ದು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ. ಕಲಿತದ್ದು ಮಾತ್ರ ಮಟಾಟು ಕಂಡಕ್ಟರನ ಕೂಗು. ಮಟಾಟು ಅಂದರೆ ಇಲ್ಲಿಯ ಸಣ್ಣ ಬಸ್ಸು. ಮದುವೆ ಮನೆಯ ಲೈಟು, ವಾಲಗದಷ್ಟೇ ಜೋರಾದ ಹಾಡು, ಎರಡನ್ನೂ ಹೊತ್ತು ಓಡುತ್ತದೆ. ತಿಂಗಳೊಳಗೆ ಮ್ಯಾನೇಜರರ ಗದರಿಕೆ, ಪಾರ್ಕ್‌ಲ್ಯಾಂಡ್ಸ್‌ನ ತರಕಾರಿ ಹೆಂಗಸಿನ ರಾಗ ಎಲ್ಲ ನನ್ನ ಗಂಟಲಿಗಿಳಿದವು. ಭಾನುವಾರ ಬಚ್ಚಲಲ್ಲಿ ಕೊಳಾಯಿ ಬಿಟ್ಟುಕೊಂಡು ಅಳುವ ಒಬ್ಬ ಮೈಸೂರು ಹುಡುಗನನ್ನೂ ಅನುಕರಿಸುತ್ತಿದ್ದೆ. ಅದಕ್ಕೆ ಅಭ್ಯಾಸವೇ ಬೇಕಿರಲಿಲ್ಲ.

ನಮ್ಮ ಗೇಟಿನಲ್ಲಿ ಹಗಲು ಪಾಳಿಯ ಅಸ್ಕಾರಿ ಒಬ್ಬರಿದ್ದರು. ಅಸ್ಕಾರಿ ಎಂದರೆ ಕಾವಲುಗಾರ. ಸೈನಿಕನಿಗೂ ಅದೇ ಮಾತು. ಅರವತ್ತರ ಸುಮಾರು, ಎಡಗಾಲು ಕೊಂಚ ಎಳೆಯುವ ನಡಿಗೆ, ಮಾತಿಗೆ ಮೊದಲು ಒಂದು ಒಣ ಕೆಮ್ಮು. ಎಲ್ಲರೂ ಅವರನ್ನು ಮ್ಜೇ ಎನ್ನುತ್ತಿದ್ದರು, ನಮ್ಮಲ್ಲಿ ಹಿರಿಯರನ್ನು ಯಜಮಾನರೇ ಅನ್ನುವ ಹಾಗೆ. ನಾನು ಅವರಿಗೆ ಕಿಜಾನಾ, ಅಂದರೆ ಹುಡುಗ. ಅವರ ಹೆಸರನ್ನೂ, ಗಡಿಯಾಚೆಯ ಅವರ ದೇಶದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬಾಯಿ ಬಿಟ್ಟದ್ದು ಸಾಕು.

ನಾನು ಚಿತ್ರಾನ್ನ ಕೊಟ್ಟರೆ ಅವರು ಮಂದಾಜಿ ಕೊಡುತ್ತಿದ್ದರು. ಮಂಗಳೂರು ಬನ್ಸಿಗೆ ದೂರದ ದಾಯಾದಿಯಂಥ ಕರಿದ ರೊಟ್ಟಿ. ಒಂದು ಮಧ್ಯಾಹ್ನ ನಮ್ಮೂರಿನ ಅರಮನೆಯ ಫೋಟೋ ತೋರಿಸಿದೆ.

"ರಾಜನನ್ನ ಏನು ಮಾಡಿದ್ರಿ?" ಎಂದರು.

"ಏನೂ ಮಾಡ್ಲಿಲ್ಲ ಮ್ಜೇ. ಅರಮನೆಗೆ ಲೈಟು ಹಾಕಿಸಿ ಟಿಕೆಟ್ ಇಟ್ವಿ."

ಅವರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು. "ನಾವು ಕೈ ಎತ್ತಿದ್ವಿ" ಎಂದರು.

ಅವರ ದೇಶದಲ್ಲಿ ಸೇನಾಧಿಕಾರಿಗಳು ಅರಮನೆ ಹಿಡಿದಾಗ ಇವರಿನ್ನೂ ಇಪ್ಪತ್ತೆರಡರ ಸಿಪಾಯಿ. ರಾಜನ ವಿಚಾರಣೆಗೆ ಐವರು ಅಧಿಕಾರಿಗಳು ಕೂತರು. ಜನರ ನ್ಯಾಯದಂತೆ ಕಾಣಲೆಂದು ಇಬ್ಬರು ಸಿಪಾಯಿಗಳನ್ನೂ ಕೂರಿಸಿದರು. ಇವರಿಗೆ ಓದಲು ಬರುತ್ತಿತ್ತು. ಆರಿಸಿದ್ದಕ್ಕೆ ಅಷ್ಟೇ ಕಾರಣ. ರಾಜನ ಪಡೆ ಸುಟ್ಟ ಊರೊಂದರಲ್ಲಿ ಇವರ ತಮ್ಮ ಸತ್ತಿದ್ದ. ಮರಣದಂಡನೆಗೆ ಒಪ್ಪುವವರು ಕೈ ಎತ್ತಿ ಎಂದಾಗ ಇವರು ಎತ್ತಿದರು. ಆದರೆ ಅಲ್ಲಿ ರಾಜನೆದುರು ಬಿಚ್ಚಿದ ಅಂಗೈ ತೋರಿಸುವಂತಿಲ್ಲ; ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮೊದಲು ಎದೆಗೆ ಮುಟ್ಟಿಸಿ, ಆಮೇಲೆ ಎತ್ತಬೇಕು. ಸಾವಿಗೆ ಒಪ್ಪಿಗೆ ಕೊಡುವಾಗಲೂ ಏಳು ಜನ ಆ ಮರ್ಯಾದೆ ಬಿಡಲಿಲ್ಲ.

"ತಪ್ಪು ಅನ್ಸುತ್ತಾ?" ಎಂದೆ.

"ಅವನು ನೀರು ಕೇಳಿದ. ಕೈ ಎತ್ತಿ ಆದ್ಮೇಲೆ ಕೊಟ್ಟೆ. ಮೊದಲೇ ಕೊಡಬಹುದಿತ್ತು."

ಕೆಲ ವರ್ಷಗಳ ನಂತರ ರಾಜನ ಮಗ ಸೇನೆ ಕಟ್ಟಿಕೊಂಡು ಮರಳಿದ. ಕೈ ಎತ್ತಿದವರು ಒಬ್ಬೊಬ್ಬರಾಗಿ ಕಾಣೆಯಾದರು. ಇವರು ಹೆಸರು ಬದಲಿಸಿಕೊಂಡು ನೈರೋಬಿಯ ಗೇಟುಗಳ ಹಿಂದೆ ನಿಂತರು. ಹೇಳುತ್ತ ಒಮ್ಮೆ, ಒಂದೇ ಒಮ್ಮೆ, ಆ ಕೈಯನ್ನು ಎತ್ತಿ ತೋರಿಸಿದರು. ಒಳ್ಳೆಯ ಕೇಳುಗನಾಗಿದ್ದರೆ ನಾನು ಅವರ ಕಣ್ಣು ನೋಡುತ್ತಿದ್ದೆ. ನಾನು ಹೆಬ್ಬೆರಳು ನೋಡಿದೆ.

ಆ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರೆಲ್ಲ ಬಾಡಿಗೆಯ ಹಾಲ್‌ನಲ್ಲಿ ರಾಜ್ಯೋತ್ಸವ ಮಾಡಿದರು. ಬಿಸಿಬೇಳೆಬಾತಿನ ನಂತರ ನನ್ನ ಮಿಮಿಕ್ರಿ. ಕೆಳಗಿನ ಮನೆಯ ಶೈಲಕ್ಕ ಮುಂದಿನ ಸಾಲಿನಿಂದ ಕೂಗಿದರು: "ಏ ಮಂಗ, ನಮ್ಮ ಅಸ್ಕಾರೀದು ಮಾಡೋ!"

ಮಾಡಿದೆ. ಕೆಮ್ಮು ಮಾಡಿದೆ, ಕಾಲೆಳೆದೆ. ಜನ ಬಿದ್ದು ಬಿದ್ದು ನಕ್ಕರು. ನಗು ಇಳಿಯತೊಡಗಿತು, ಇಳಿಯುವ ನಗುವನ್ನು ನಾನು ಸಹಿಸಲಾರೆ. ಖಾಲಿ ಕುರ್ಚಿಯ ಮೇಲೆ ಇಲ್ಲದ ರಾಜನನ್ನು ಕೂರಿಸಿ, ಮುಷ್ಟಿಯನ್ನು ಎದೆಗೆ ಮುಟ್ಟಿಸಿ ಎತ್ತಿದೆ. ಚಪ್ಪಾಳೆ. ಶೈಲಕ್ಕನ ಮಗಳು ಮಾತ್ರ, "ಮಮ್ಮಿ, ದಟ್ಸ್ ಮೀನ್" ಎಂದಳು. ಹತ್ತು ವರ್ಷದವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ಆಮೇಲೆ ಹಾಲ್‌ನ ಊಟದ ಉಸ್ತುವಾರಿಯವನು ಬಂದು ನನ್ನ ಕೈ ಕುಲುಕಿದ. ತೆಳ್ಳಗಿನ, ಬಹಳ ವಿನಯದ ಮನುಷ್ಯ. "ತುಂಬಾ ಚೆನ್ನಾಗಿತ್ತು. ಆ ಕೈ ಎಲ್ಲಿ ಕಲಿತ್ರಿ?"

ಕಲಾವಿದನಿಗೆ ಇದಕ್ಕಿಂತ ಸಿಹಿಯಾದ ಪ್ರಶ್ನೆ ಉಂಟೆ? "ನಮ್ಮ ಗೇಟಿನ ಮ್ಜೇ!" ಎಂದೆ. ಬೀದಿಯ ಹೆಸರನ್ನೂ ಹೇಳಿದೆ. "ಅಸಾಂಟೆ" ಎಂದ, ಅಂದರೆ ಧನ್ಯವಾದ. ನಗುತ್ತಲೇ ಇದ್ದ, ಕಣ್ಣು ಮಾತ್ರ ನಗುತ್ತಿರಲಿಲ್ಲ.

ಸೋಮವಾರ ಗೇಟಿನೆದುರು ಒಂದು ಬಿಳಿ ಕಾರು ನಿಂತಿತ್ತು. ಮಂಗಳವಾರವೂ. ಶುಕ್ರವಾರ ಅದರ ಕಿಟಕಿಯೊಳಗೆ ಆ ತೆಳ್ಳಗಿನವನನ್ನು ಕಂಡೆ. ಶನಿವಾರವಿಡೀ ಧೈರ್ಯ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕಾವಲು ಗೂಡಿಗೆ ಹೋಗಿ ಹೇಳಿದೆ. ನನ್ನ ಸ್ವಂತ ದನಿ ಅಷ್ಟು ಕೀರಲು ಎಂದು ಅವತ್ತೇ ಗೊತ್ತಾದದ್ದು.

ಅವರು ಬೈಯಲಿಲ್ಲ. "ಕಾರನ್ನ ಸೋಮವಾರವೇ ನೋಡಿದೆ. ಯಾರು ಕಳಿಸಿದ್ದು ಅಂತ ಗೊತ್ತಿರಲಿಲ್ಲ."

"ಪೊಲೀಸರ ಹತ್ರ ಹೋಗೋಣ ಮ್ಜೇ."

"ಯಾವ ಹೆಸರು ಹೇಳಲಿ?"

ಅವರು ತಮ್ಮ ತಮ್ಮನಿಗಾಗಿ ಕೈ ಎತ್ತಿದ್ದರು. ನಾನು ಚಪ್ಪಾಳೆಗಾಗಿ ಎತ್ತಿದೆ.

ಕಟ್ಟಡದ ಹಿಂದೆ ಬಟ್ಟೆ ಒಣಗಿಸುವ ಅಂಗಳದಲ್ಲಿ ಪಕ್ಕದ ಕಾಂಪೌಂಡಿಗೆ ಹೋಗುವ ಸಣ್ಣ ಬಾಗಿಲಿದೆ; ಕಾರಿನವರಿಗೆ ಕಾಣದೆ ಹೊರಬೀಳಬಹುದು. ಆದರೆ ಗಂಟೆಗೊಮ್ಮೆ ಕಾವಲು ಕಂಪನಿಯ ಕಂಟ್ರೋಲ್ ರೂಮಿನಿಂದ ರೇಡಿಯೋ ಕರೆ ಬರುತ್ತದೆ. ಉತ್ತರ ಬಾರದಿದ್ದರೆ ಅವರ ವ್ಯಾನು ಬರುತ್ತದೆ, ಗೇಟು ತೆರೆಯುತ್ತದೆ, ಗೂಡು ಖಾಲಿಯೆಂದು ಕಾರಿನವರಿಗೆ ತಿಳಿಯುತ್ತದೆ. ಮ್ಜೇ ರೇಡಿಯೋವನ್ನು ನನ್ನ ಕೈಗಿಟ್ಟರು.

"ಸಂಜೆ ಆರರವರೆಗೆ ನೀನೇ ನಾನು. ನಗಿಸೋಕೆ ಹೋಗ್ಬೇಡ, ಕಿಜಾನಾ."

ಹನ್ನೆರಡಕ್ಕೆ ಒಂದು ಚೀಲದೊಂದಿಗೆ ಹೊರಟರು. ಎಲ್ಲಿಗೆಂದು ಕೇಳಲಿಲ್ಲ. ನನ್ನ ಬಾಯಿಗೆ ಅಷ್ಟಾದರೂ ಬುದ್ಧಿ ಬಂದಿತ್ತು.

ಒಂದಕ್ಕೆ ಕರೆ ಬಂತು. ಕೆಮ್ಮಿದೆ, "ಸವಾ, ಸವಾ" ಎಂದೆ, ಅಂದರೆ ಎಲ್ಲ ಸರಿ. ಎರಡಕ್ಕೆ, ಮೂರಕ್ಕೆ ಅದೇ. ಶೈಲಕ್ಕ ಬಾಲ್ಕನಿಯಿಂದ "ಏನೋ, ಕೆಲಸ ಬದಲಾಯಿಸಿದ್ಯಾ?" ಎಂದರು. ಸುಮ್ಮನಿರಿ ಎಂದು ಕೈ ಮುಗಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡರು.

ನಾಲ್ಕರ ಹೊತ್ತಿಗೆ ಕಬ್ಬಿಣದ ಗೇಟನ್ನು ಯಾರೋ ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

"ಮ್ಜೇ, ಚೆನ್ನಾಗಿದ್ದೀರಾ?"

ಕೆಮ್ಮಿದೆ. ಎಡಗಾಲನ್ನು ಮಣ್ಣಿನಲ್ಲಿ ಎಳೆದೆ. "ಸವಾ, ಸವಾ."

 ಆಚೆಯಿಂದ ಆ ತೆಳ್ಳಗಿನವನ ಅದೇ ವಿನಯದ ದನಿ: "ಹಾಲ್‌ನಲ್ಲಿ ಮಾಡಿದ್ದಕ್ಕಿಂತ ಇವತ್ತು ಚೆನ್ನಾಗಿ ಮಾಡಿದ್ರಿ."

ಕಾರು ಹೊರಟ ಸದ್ದು. ಯಾವ ದಿಕ್ಕಿಗೆ ಎಂದು ಗೇಟಿನ ಹಿಂದೆ ನಿಂತವನಿಗೆ ತಿಳಿಯಲಿಲ್ಲ. ಮ್ಜೇ ಹೋದದ್ದು ಕಾರಿನವರಿಗೆ ಮೊದಲೇ ತಿಳಿದಿತ್ತೋ, ಆಗಷ್ಟೇ ತಿಳಿಯಿತೋ; ನಾನು ಗಳಿಸಿಕೊಟ್ಟ ನಾಲ್ಕು ಗಂಟೆ ಸಾಕಾಯಿತೋ ಇಲ್ಲವೋ, ಅದೂ ತಿಳಿಯಲಿಲ್ಲ. ಈಗ ಎಂಟು ತಿಂಗಳು. ಮ್ಜೇಯಿಂದ ಸುದ್ದಿಯಿಲ್ಲ. ಬಿಳಿ ಕಾರೂ ಬಂದಿಲ್ಲ. ಅದು ಬಂದಿಲ್ಲವೆಂಬುದೇ ನನಗೆ ಹೆಚ್ಚಿನ ಭಯ: ಬೇಕಾದವರು ಸಿಕ್ಕಿದ ಮೇಲೆ ತಾನೇ ಹುಡುಕುವುದನ್ನು ಬಿಡುವುದು?

ಔಷಧಿ ಕಾರ್ಖಾನೆಯ ನನ್ನ ಕರಾರು ಮಾರ್ಚಿಗೆ ಮುಗಿಯಿತು. ಅಮ್ಮ ಫೋನಿನಲ್ಲಿ, "ಬಂದ್ಬಿಡೋ ಕಂದ, ಬೀಗದ ಊರು ಸಾಕು. ನೀನಿಲ್ದೆ ಮನೇಲಿ ನಗುವೇ ಇಲ್ಲ" ಎಂದಳು. ನಾನು ಇನ್ನೊಂದು ವರ್ಷಕ್ಕೆ ಬರೆದುಕೊಟ್ಟೆ. ಅಮ್ಮನಿಗೆ ಪ್ರಮೋಷನ್ ಎಂದೆ. ಮೈಸೂರಿಗೆ ಹೋದರೆ ನಾನು ಮತ್ತೆ ಎಲ್ಲರನ್ನೂ ನಗಿಸುವ ಹುಡುಗನಾಗಬಹುದು, ಯಾರೂ ಏನೂ ಕೇಳುವುದಿಲ್ಲ. ಅಲ್ಲಿಗೆ ಹೋಗಲು ಅದೇ ಕಾರಣ, ಹೋಗದಿರಲೂ ಅದೇ. ಹೊಸ ಅಸ್ಕಾರಿಗೆ ಮ್ಜೇಯ ಮುಖ ಗೊತ್ತಿಲ್ಲ. ಒಂದು ದಿನ ಅವರು ಬಂದು ಗೇಟು ತಟ್ಟಿದರೆ, ಇವರು ನಮ್ಮವರು ಎನ್ನಲು ಈ ಊರಿನಲ್ಲಿ ಒಬ್ಬನಾದರೂ ಇರಬೇಕಲ್ಲ. ಗೇಟು ತಟ್ಟಿದ ಸದ್ದಾದಾಗಲೆಲ್ಲ ಮೂರನೇ ಮಹಡಿಯಿಂದ ಇಳಿಯುತ್ತೇನೆ. ಓಡಿ ಇಳಿಯುವುದಿಲ್ಲ. ಆಚೆ ನಿಂತವರು ಯಾರೆಂದು ತಿಳಿಯುವವರೆಗೆ ಬಾಯಿ ಬಿಡುವುದೂ ಇಲ್ಲ.