ಹೆಜ್ಜೆ ಮೂಡದ ಹಿಟ್ಟು

ನನ್ನ ಗಂಡ ತೀರಿಕೊಂಡದ್ದು ಕೋಲಾರದ ಆಸ್ಪತ್ರೆಯಲ್ಲಿ. ಅತ್ತೆಗೆ ದುಃಖದ ಜೊತೆ ಇನ್ನೊಂದು ಚಿಂತೆ ಹತ್ತಿಕೊಂಡಿತು: ಅಲ್ಲಿಂದ ವಕ್ಕಲೇರಿಯ ಮನೆಗೆ ಮಗನ ಜೀವಕ್ಕೆ ದಾರಿ ಸಿಕ್ಕಿತೋ ಇಲ್ಲವೋ. ಮಗ ಮನೆಗೆ ಬಂದದ್ದು ಖಾತ್ರಿಯಾಗುವವರೆಗೆ ಊಟ ಮುಟ್ಟುವುದಿಲ್ಲ ಎಂದು ಕೂತುಬಿಟ್ಟರು. ಕಾಫಿ ಮಾತ್ರ ಕುಡಿಯುತ್ತಿದ್ದರು, ಅದೂ ಸಕ್ಕರೆ ಜಾಸ್ತಿ ಹಾಕಿಸಿಕೊಂಡು.

ಖಾತ್ರಿ ಮಾಡಿಕೊಳ್ಳಲು ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಸಮಾಧಿಗೆ ಹಾಲುತುಪ್ಪ ಬಿಡುವ ಹಿಂದಿನ ಸಂಜೆ ನಡುಮನೆಯಲ್ಲಿ ದೀಪ ಹಚ್ಚಿ, ಜರಡಿ ಹಿಡಿದ ರಾಗಿಹಿಟ್ಟನ್ನು ನೆಲಕ್ಕೆ ತೆಳ್ಳಗೆ ಹರಡಿ, ಬಾಗಿಲು ಮುಚ್ಚುತ್ತೇವೆ. ಬೆಳಿಗ್ಗೆ ಅದರಲ್ಲಿ ಏನಾದರೂ ಗುರುತು ಮೂಡಿದ್ದರೆ ಹೋದವರು ಬಂದಿದ್ದರು ಎಂದು ಅರ್ಥ. ಸಾಮಾನ್ಯವಾಗಿ ಇಲಿಯೋ ಹಲ್ಲಿಯೋ ಸತ್ತವರ ಮರ್ಯಾದೆ ಉಳಿಸುತ್ತದೆ.

ನಮ್ಮ ಮನೆಯ ಇಲಿಗಳು ಅವತ್ತೇ ಕೈಕೊಟ್ಟವು. ಬಾಗಿಲು ತೆಗೆದರೆ ಹಿಟ್ಟು ಹರಡಿದ ಹಾಗೆಯೇ ಇತ್ತು.

ನನ್ನ ನಾದಿನಿ ನರಸಾಪುರದ ಫ್ಯಾಕ್ಟರಿಯಲ್ಲಿ ಮಾಲು ಚೆಕ್ ಮಾಡುವವಳು. ಮೊಬೈಲ್ ಟಾರ್ಚ್ ಹಾಕಿ ಮೂಲೆಮೂಲೆಯನ್ನೂ ಬಗ್ಗಿ ನೋಡಿದಳು. "ಏನೂ ಇಲ್ಲಮ್ಮ," ಎಂದಳು ಮೆಲ್ಲಗೆ.

ಅತ್ತೆ ಬಹಳ ಹೊತ್ತು ಹಿಟ್ಟನ್ನೇ ನೋಡಿದರು. ಆಮೇಲೆ, "ಬಂದಿದ್ದ ಕಣೇ," ಎಂದರು.

"ಎಲ್ಲಮ್ಮ ಗುರುತು?"

"ಒರೆಸಿದ ನೆಲ ತುಳಿದ ಅಂತ ನನ್ ಕೈಲಿ ಎಷ್ಟು ಬೈಸ್ಕೊಂಡಿದಾನೆ! ಗೋಡೆ ಪಕ್ಕದಲ್ಲೇ ಹೋಗಿರ್ತಾನೆ."

"ಗುರುತಿದ್ರೂ ಬಂದ, ಇಲ್ದಿದ್ರೂ ಬಂದ. ಹಂಗಾದ್ರೆ ಬರ್ಲಿಲ್ಲ ಅಂತ ಗೊತ್ತಾಗೋದು ಹೆಂಗಮ್ಮ?"

"ಹೆಜ್ಜೆ ಇದ್ದಿದ್ರೆ ಬೇರೆ ಯಾರೋ ಬಂದವ್ರೆ ಅಂತಿದ್ದೆ. ಹಿಟ್ಟು ತುಳಿಯೋ ಧೈರ್ಯ ಅವನಿಗೆಲ್ಲಿತ್ತೇ?"

ನಾದಿನಿ ನನ್ನ ಕಡೆ ತಿರುಗಿದಳು. "ಅತ್ತಿಗೆ, ನೀವಾದ್ರೂ ಹೇಳಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಚಪ್ಪಲಿ ಕೈಯಲ್ಲಿ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಬೆನ್ನಿನಿಂದ ಗೋಡೆಯ ಸುಣ್ಣವನ್ನೆಲ್ಲ ಒರೆಸುತ್ತಾ ಅಡುಗೆಮನೆಗೆ ಬರುತ್ತಿದ್ದ ಆ ದಪ್ಪ ಮನುಷ್ಯ ನನ್ನ ಕಣ್ಣಿಗೆ ಕಟ್ಟಿದರು. ಅವರು ಹೋದ ಮೇಲೆ ಮೊದಲ ಸಲ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಭುಜ ಕುಲುಕುವುದು ನಿಲ್ಲಲಿಲ್ಲ.

"ಅಳ್ಬೇಡ ಸುಮ್ನಿರಮ್ಮ," ಎಂದು ಅತ್ತೆ ಬೆನ್ನು ಸವರಿದರು. ಸ್ವಲ್ಪ ಹೊತ್ತಿಗೆ ಅವರ ಊಹೆ ನಿಜವೇ ಆಯಿತು.

ಶಾಸ್ತ್ರವೆಲ್ಲ ಮುಗಿದ ಮೇಲೆ ನಾನು ಮುದ್ದೆ ಮಾಡಿದೆ. ಅತ್ತೆ ಒಂದು ತುತ್ತು ಮುರಿದು ಹುರುಳಿ ಸಾರಿಗೆ ಅದ್ದಿ ನುಂಗಿದರು. ನಾನೂ ನಾದಿನಿಯೂ ಅವರ ಗಂಟಲನ್ನೇ ನೋಡುತ್ತಿದ್ದೆವು.

"ಸಾರಿಗೆ ಉಪ್ಪು ಯಾರ್ ಹಾಕ್ತಾರೆ?" ಎಂದು ಗದರಿದರು.

ನಾದಿನಿ ಎದ್ದು ಉಪ್ಪಿನ ಡಬ್ಬ ತಂದಿಟ್ಟಳು.