ಮೂರು ಊರು ಒಟ್ಟಿಗೆ ನೋಡಿದ ಚಂದ್ರ

ಊರೆಲ್ಲ ದನಿಯಕ್ಕ ಎಂದು ಕರೆಯುವ ಆಕೆ ಮೊದಮೊದಲು ಕೂಗಿ ಹೇಳುತ್ತಿದ್ದದ್ದು ಬಸ್ಸುಗಳ ಹೆಸರನ್ನು. ಬಸ್ ನಿಲ್ದಾಣದ ಮೂಲೆಯಲ್ಲಿ ಗಾಜಿನ ಗೂಡಿನಂಥ ಕೋಣೆ, ಒಂದು ಮೇಜು, ಒಂದು ಮೈಕು, ಕಾಲು ಚಾಚಿದರೆ ಗೋಡೆಗೆ ತಾಗುವಷ್ಟು ಜಾಗ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ವಿಚಾರಣೆ ಕಿಟಕಿಯ ಬಳಿ ಅಳುತ್ತ ನಿಂತಿದೆ ಎಂದು ಹೇಳುವುದು ಅವಳ ಕೆಲಸ. ಬಸ್ಸು ತಪ್ಪಿದವರಿಗೂ ಬೈಯಲು ಮನಸ್ಸಾಗದಂಥ ದನಿ.

ಊರಿನ ತಾರಾಲಯದ ನಿರ್ದೇಶಕರು ಒಮ್ಮೆ ಆ ದನಿ ಕೇಳುತ್ತ ಕುಳಿತು ತಮ್ಮ ಬಸ್ಸನ್ನೇ ತಪ್ಪಿಸಿಕೊಂಡರು. ಸಿಟ್ಟಾಗುವ ಬದಲು ನೇರವಾಗಿ ಗಾಜಿನ ಕೋಣೆಗೆ ಬಂದು ಕೇಳಿದರು: "ಅಮ್ಮಾ, ಬಸ್ಸಿನ ವಿಷಯ ಬಿಟ್ಟು ನಕ್ಷತ್ರದ ವಿಷಯ ಹೇಳೋಕೆ ಬರ್ತೀರಾ?"

ಮನುಷ್ಯನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಳು ಅವಳು. "ನಕ್ಷತ್ರ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ ಸಾರ್?"

"ಬಂದು ನೋಡಿ, ಆಮೇಲೆ ಹೇಳಿ," ಎಂದರು ಅವರು.

ಮನೆಯಲ್ಲಿ ಅತ್ತೆ ಮೂಗು ಮುರಿದರು. "ಬಸ್ಸಾದ್ರೆ ತಡವಾಗಿಯಾದ್ರೂ ಬರುತ್ತೆ. ಕತ್ತಲಲ್ಲಿ ಕೂರಿಸಿ ಸುಳ್ಳು ಆಕಾಶ ತೋರಿಸೋದೂ ಒಂದು ಕೆಲಸವೇನೇ?" ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಗಂಡ ಮಾತ್ರ ಮಸೂರ ಒರೆಸುತ್ತ, "ಹೋಗಿ ನೋಡು, ಕಣ್ಣಿಗೇನೂ ನಷ್ಟ ಇಲ್ಲ," ಎಂದ.

ತಾರಾಲಯದ ಮೊದಲ ದಿನವನ್ನು ಅವಳು ಇಂದಿಗೂ ಮರೆತಿಲ್ಲ. ಗುಮ್ಮಟದ ಕೆಳಗೆ ಜನ ಕುಳಿತರು, ಅವಳು ಮೈಕಿನ ಮೇಜಿನ ಬಳಿ ನಿಂತಳು. ದೀಪಗಳು ಒಂದೊಂದಾಗಿ ಮಂಕಾದವು. ನಡುವೆ ನಿಂತಿದ್ದ ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ನೋಡನೋಡುತ್ತಿದ್ದಂತೆ ಚಾವಣಿಯೇ ಇಲ್ಲವಾಗಿ, ಅದರ ಜಾಗದಲ್ಲಿ ತಳವಿಲ್ಲದ ಆಳ ಬಾಯ್ತೆರೆಯಿತು. ಬೀದಿದೀಪದ ಊರಲ್ಲೇ ಹುಟ್ಟಿ ಬೆಳೆದ ಅವಳು ಅಷ್ಟು ನಕ್ಷತ್ರಗಳನ್ನು ಕಂಡವಳೇ ಅಲ್ಲ. ಬಾಯಿಪಾಠ ಮಾಡಿದ್ದೆಲ್ಲ ಗಾಳಿಗೆ ಹೋಯಿತು. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು.

"ಮಾತಾಡಿ, ಮಾತಾಡಿ," ಎಂದು ನಿರ್ದೇಶಕರು ಹಿಂದಿನಿಂದ ಪಿಸುಗುಟ್ಟಿದರು.

"ಅಯ್ಯೋ, ಎಷ್ಟೊಂದಿವೆ!" ಎಂದುಬಿಟ್ಟಳು, ಮೈಕಿನಲ್ಲೇ.

ಜನ ಗೊಳ್ಳೆಂದು ನಕ್ಕರು. ಮರುಕ್ಷಣವೇ ಎಲ್ಲರ ಕಣ್ಣೂ ಮೇಲೆ ಹೋಯಿತು. ನಗು ತಾನಾಗಿ ಇಳಿಯಿತು. ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರು ಹೇಳಿದ್ದು ಒಂದೇ ಮಾತು: "ಆ ಮೊದಲ ವಾಕ್ಯ ಹಾಗೇ ಇರಲಿ."

ವರ್ಷಗಳು ಉರುಳಿದವು. ಗುಮ್ಮಟದ ಕೆಳಗಿನ ಕುರ್ಚಿಗಳ ಬಟ್ಟೆ ಹರಿಯಿತು, ಶಾಲೆಗಳ ಬಸ್ಸು ಬರುವುದು ಅಪರೂಪವಾಯಿತು. ಉತ್ತರಕ್ಕಿದ್ದ ಒಂದು ಊರಿನ ತಾರಾಲಯದ್ದೂ ಅದೇ ಪಾಡು. ಅಲ್ಲಿ ಒಳ್ಳೊಳ್ಳೆಯ ದೂರದರ್ಶಕಗಳಿದ್ದವು, ನಡೆಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ನೋಡಲು ಜನವೇ ಇಲ್ಲ. ದಕ್ಷಿಣಕ್ಕಿದ್ದ ಇನ್ನೊಂದು ಊರಿನ ತಾರಾಲಯದಲ್ಲಿ ಹುಮ್ಮಸ್ಸಿನ ಎಂಜಿನಿಯರಮ್ಮ ಇದ್ದಳು. ಆಕಾಶದ ಚಿತ್ರವನ್ನು ಆಗಿಂದಾಗಲೇ ಎಲ್ಲಿಗೆ ಬೇಕಾದರೂ ಕಳಿಸುವ ಕ್ಯಾಮೆರಾ ಅವಳ ಬಳಿ ಇತ್ತು, ಕಥೆ ಹೇಳಲು ಬಾಯಿ ಇರಲಿಲ್ಲ. ಮೂವರಿಗೂ ಪರಸ್ಪರ ನೆನಪಾಗುತ್ತಿದ್ದದ್ದು ಯಂತ್ರದ ಬಲ್ಬು ಸುಟ್ಟು ಸಾಲ ಕೇಳಬೇಕಾದಾಗ ಮಾತ್ರ.

ಹೀಗಿರುವಾಗ ಒಂದು ದಿನ ನಿರ್ದೇಶಕರು ಮಕ್ಕಳ ಹಾಗೆ ಕಣ್ಣರಳಿಸಿಕೊಂಡು ಬಂದರು. ಮುಂದಿನ ಚಳಿಗಾಲದ ಒಂದು ಸಂಜೆ ಚಂದ್ರ ಒಂದು ಹೊಳೆಯುವ ನಕ್ಷತ್ರದ ಮುಂದೆ ಹಾದುಹೋಗಲಿದ್ದ. ಉತ್ತರದ ಊರಿನಲ್ಲಿ ನಕ್ಷತ್ರ ಚಂದ್ರನ ಹಿಂದೆ ಮರೆಯಾಗುತ್ತದೆ. ದಕ್ಷಿಣದ ಊರಿನಲ್ಲಿ ಮರೆಯಾಗುವುದೇ ಇಲ್ಲ, ಪಕ್ಕದಲ್ಲೇ ಹೊಳೆಯುತ್ತಿರುತ್ತದೆ. ನಡುವಿನ ಈ ಊರಿನಲ್ಲಿ ಅದು ಚಂದ್ರನ ಅಂಚನ್ನೇ ಸವರಿಕೊಂಡು ಹೋಗುತ್ತದೆ.

"ಅದೇ ಚಂದ್ರ, ಅದೇ ನಕ್ಷತ್ರ, ಅದೇ ಹೊತ್ತು. ಮೂರು ಊರಿಗೆ ಮೂರು ಥರ ಹೇಗೆ ಸಾರ್?" ಎಂದಳು ದನಿಯಕ್ಕ.

"ಮೂಗಿನ ಮುಂದೆ ಬೆರಳು ಹಿಡೀರಿ. ಒಂದು ಕಣ್ಣು ಮುಚ್ಚಿ. ಈಗ ಇನ್ನೊಂದು."

ಬೆರಳು ಗೋಡೆಯ ಮೇಲೆ ಅತ್ತಿಂದಿತ್ತ ನೆಗೆಯಿತು.

"ಚಂದ್ರ ನಮಗೆ ಹತ್ತಿರ, ನಕ್ಷತ್ರ ಎಲ್ಲೋ ದೂರ. ಒಂದೊಂದೂರು ಒಂದೊಂದು ಕಣ್ಣು. ಒಬ್ಬರೇ ನೋಡಿದ್ರೆ ಇದು ಗೊತ್ತಾಗೋದೇ ಇಲ್ಲಮ್ಮ. ಮೂವರೂ ಸೇರಿದ್ರೆ ಚಂದ್ರ ಎಷ್ಟು ದೂರ ಅಂತ ಜನರೇ ಅಳೀಬಹುದು."

ಸೇರುವುದು ಅಷ್ಟು ಸುಲಭವಾಗಲಿಲ್ಲ. ಮೂರೂ ಕಡೆಯವರು ಒಂದು ಮೇಜಿನ ಸುತ್ತ ಕುಳಿತ ದಿನ, ಬ್ಯಾನರಿನಲ್ಲಿ ಯಾವ ಊರಿನ ಹೆಸರು ಮೊದಲು ಬರಬೇಕು ಎಂಬಲ್ಲೇ ಗಾಡಿ ಸಿಕ್ಕಿಹಾಕಿಕೊಂಡಿತು. ಚಹಾ ಆರಿತು, ಮುಖಗಳು ಬಿಸಿಯಾದವು.

ಕೊನೆಗೆ ದನಿಯಕ್ಕ ಬಾಯಿಬಿಟ್ಟಳು. "ಬಸ್ಸಿನ ಬೋರ್ಡು ನೋಡಿಲ್ವಾ? ಹೋಗುವಾಗ ಒಂದೂರು ಮೊದಲು, ಬರುವಾಗ ಇನ್ನೊಂದೂರು ಮೊದಲು. ಅವರವರ ಊರಲ್ಲಿ ಅವರವರ ಹೆಸರೇ ಮೇಲಿರಲಿ ಬಿಡಿ. ಯಾವ ಬಸ್ಸಾದ್ರೂ ಅದಕ್ಕೆ ಜಗಳ ಆಡಿದೆಯಾ?"

ಮೇಷ್ಟ್ರು ಮೊದಲು ನಕ್ಕರು, ಉಳಿದವರೂ ನಕ್ಕರು. ಉತ್ತರದಿಂದ ದೂರದರ್ಶಕಗಳು ಬಂದವು. ದಕ್ಷಿಣದ ಎಂಜಿನಿಯರಮ್ಮ ಮೂರೂ ಊರಿಗೆ ಓಡಾಡಿ, ಒಂದರ ಚಿತ್ರ, ಒಂದರ ಮಾತು ಇನ್ನೆರಡಕ್ಕೂ ತಲುಪುವಂತೆ ಮಾಡಿದಳು. ಜನ ಸೇರಲಿದ್ದ ಮೂರೂ ಊರಿನ ಮೈದಾನಗಳಲ್ಲಿ ಕೇಳುವ ದನಿ ಮಾತ್ರ ಒಂದೇ ಇರಲಿ, ಅದು ದನಿಯಕ್ಕನದೇ ಇರಲಿ ಎಂದು ಹಟ ಹಿಡಿದವಳೂ ಅವಳೇ.

ಆ ಸಂಜೆ ಬೆಳಕು ಪೂರ್ತಿ ಆರುವ ಮೊದಲೇ ಮೈದಾನ ತುಂಬಿತು. ಪಡುವಣದಲ್ಲಿ ಎಳೆ ಚಂದ್ರ, ಅವನ ಬೆಳಗದ ಭಾಗವೂ ಬೂದಿಬಣ್ಣದಲ್ಲಿ ಕಾಣುವಷ್ಟು ಶುಭ್ರ ಆಕಾಶ. ದೂರದರ್ಶಕದ ಚಿತ್ರ ದೊಡ್ಡ ಪರದೆಯ ಮೇಲೆ ಬೀಳುತ್ತಿತ್ತು. ಗಂಡ ಅಂಗಡಿ ಮುಚ್ಚಿ ಬಂದಿದ್ದ. ಏನಾಶ್ಚರ್ಯವೋ, ಶಾಲು ಹೊದ್ದು ಅತ್ತೆಯೂ ಮುಂದಿನ ಸಾಲಿನಲ್ಲೇ ಕುಳಿತಿದ್ದರು. "ಇವತ್ತು ನಿಜವಾದ ಆಕಾಶ ಅಂದ್ರಲ್ಲ," ಎಂದರು ಬಿಗುಮಾನದಿಂದ.

ಅಷ್ಟರಲ್ಲಿ ಉತ್ತರದಿಂದ ಮೇಷ್ಟ್ರ ದನಿ ಕುಸಿದು ಬಂತು. "ಅಕ್ಕಾ, ನಮ್ಮಲ್ಲಿ ಮೋಡ ಮುಚ್ಚಿಬಿಡ್ತು. ಇಷ್ಟು ಜನ ಬಂದಿದಾರೆ, ಏನ್ಮಾಡ್ಲಿ?"

"ಎಲ್ಲರನ್ನೂ ಗುಮ್ಮಟದೊಳಗೆ ಕರ್ಕೊಂಡು ಹೋಗಿ ಮೇಷ್ಟ್ರೇ. ನಮ್ಮ ಆಕಾಶ ಕಳಿಸ್ತೀವಿ."

ಹೀಗೆ ಈ ಊರಿನ ಚಂದ್ರ ಆ ಊರಿನ ಚಾವಣಿಯ ಮೇಲೆ ಮೂಡಿದ. ನಕ್ಷತ್ರ ಅಂಚಿಗೆ ಹತ್ತಿರ ಹತ್ತಿರ ಸರಿಯುತ್ತಿದ್ದಾಗ ಮತ್ತೆ ಮೇಷ್ಟ್ರು, ಈ ಸಲ ಏದುಸಿರು ಬಿಡುತ್ತ: "ತೆರೀತು! ಮೋಡ ತೆರೀತು! ಎಲ್ಲ ಹೊರಗೆ ಓಡಿದ್ವಿ... ಇದೆ, ಕಾಣ್ತಿದೆ... ಹೋಯ್ತು! ಅಕ್ಕಾ, ಹೋಗೇಬಿಡ್ತು!"

ಮಂಕಾಗಲಿಲ್ಲ, ಕರಗಲಿಲ್ಲ. ಇದ್ದದ್ದು ಥಟ್ಟನೆ ಇಲ್ಲವಾಯಿತಂತೆ. ಆ ಊರಿನ ಜನರ ಉದ್ಗಾರ ಈ ಮೈದಾನದ ಮೇಲೆ ಅಲೆಯಂತೆ ಹಾದುಹೋಯಿತು.

"ನಮ್ಮಲ್ಲಿ ಹಾಗೇ ಇದೆ ಅಕ್ಕ! ಮರೆಯಾಗಲೇ ಇಲ್ಲ!" ಎಂದಳು ದಕ್ಷಿಣದ ಎಂಜಿನಿಯರಮ್ಮ.

ಆಗ ಇಲ್ಲಿ ನಕ್ಷತ್ರ ಆರಿತು. ಮತ್ತೆ ಹೊಳೆಯಿತು. ಆರಿತು. ಇನ್ನೊಮ್ಮೆ ಇಣುಕಿತು. ಚಂದ್ರನ ಅಂಚಿನ ಬೆಟ್ಟ ಅಡ್ಡ ಬಂದಾಗ ಕತ್ತಲೆ, ಎರಡು ಬೆಟ್ಟಗಳ ನಡುವಿನ ಕಣಿವೆ ಬಂದಾಗ ಬೆಳಕು ಎಂದು ನಿರ್ದೇಶಕರು ಮುಂದಿನ ಸಾಲಿನವರಿಗೆ ಹೇಳುತ್ತಿದ್ದರು. ಯಾರೂ ಕಾಲಿಡದ ಆ ಬೆಟ್ಟಸಾಲು ಊರಿನ ಜನರ ಕಣ್ಣೆದುರು ತನ್ನ ಏರಿಳಿತವನ್ನು ತಾನೇ ತೋರಿಸುತ್ತ ಸಾಗಿತು.

ಮೂರೂ ಊರು ದನಿಯಕ್ಕನ ಮಾತಿಗೆ ಕಾದಿದ್ದವು. ಅವಳು ಪರದೆಯನ್ನೇ ನೋಡುತ್ತಿದ್ದಳು. ಮೈಕು ಹಿಡಿದೇ ನಿಂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆಗ ಮೈಕಿಗೆ ಬಿದ್ದದ್ದು ಮುಂದಿನ ಸಾಲಿನ ಅತ್ತೆಯ ಮಾತು: "ಅಬ್ಬಾ! ಅಲ್ಲೂ ಬೆಟ್ಟ ಇದೆಯೇನೇ!"

ಅದು ಮೂರೂ ಊರಿಗೆ ಕೇಳಿಸಿತು. ಅದಕ್ಕಿಂತ ಚೆನ್ನಾಗಿ ತಾನೂ ಹೇಳುತ್ತಿರಲಿಲ್ಲ ಎಂದು ದನಿಯಕ್ಕ ಈಗಲೂ ಹೇಳುತ್ತಾಳೆ.

ಮರುವಾರ ಮೂರೂ ಗುಮ್ಮಟಗಳಲ್ಲಿ ಜನರೇ ಆ ಸಂಜೆ ಮೂರೂ ಊರಲ್ಲಿ ಒಂದೇ ಕ್ಷಣಕ್ಕೆ ತೆಗೆದ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಚಂದ್ರನ ದೂರ ಲೆಕ್ಕ ಹಾಕಿದರು. ಪುಸ್ತಕದ ಉತ್ತರದ ತೀರ ಹತ್ತಿರ ಬಂದಾಗ ಎದ್ದ ಚಪ್ಪಾಳೆ ಬೇಗ ನಿಲ್ಲಲಿಲ್ಲ. ಅಲ್ಲಿಂದಾಚೆ ಮೂರೂ ತಾರಾಲಯಗಳ ದೂರದರ್ಶಕ, ಕ್ಯಾಮೆರಾ, ಕಥೆ ಎಲ್ಲವೂ ಊರಿಂದೂರಿಗೆ ಸುತ್ತತೊಡಗಿದವು. ಹರಿದ ಕುರ್ಚಿಗಳು ಇನ್ನೂ ಹರಿದೇ ಇವೆ. ಖಾಲಿ ಮಾತ್ರ ಇಲ್ಲ.

ಕಳೆದ ಚಂದ್ರಗ್ರಹಣಕ್ಕೆ ಸಮುದ್ರದಾಚೆಯ, ಭೂಮಧ್ಯರೇಖೆಗಿಂತ ಬಲು ಕೆಳಗಿನ ಒಂದು ತಾರಾಲಯವೂ ಜೊತೆಯಾಯಿತು. ಅವರು ಕಳಿಸಿದ ಚಿತ್ರದಲ್ಲಿ ಚಂದ್ರ ತಲೆಕೆಳಗಾಗಿದ್ದ. ನೆರಳು ಪೂರ್ತಿ ಆವರಿಸಿ ಚಂದ್ರ ಕೆಂಪಾದಾಗ ಆಚೆಯ ಜನರೆಲ್ಲ ಒಟ್ಟಿಗೆ ಏನೋ ಉದ್ಗರಿಸಿದರು. ಭಾಷೆ ಯಾವುದೋ ದನಿಯಕ್ಕನಿಗೆ ತಿಳಿಯದು. ಅರ್ಥ ಕೇಳುವ ಅಗತ್ಯ ಮಾತ್ರ ಅವಳಿಗೆ ಬೀಳಲಿಲ್ಲ.